ಅಮಾವಾಸ್ಯೆಯ ಮಧ್ಯಾಹ್ನದ ಆಟ

ಮೊನ್ನೆ ಗೋಕಾಕದಿಂದ ಮೂಡಲಗಿಗೆ ಬರುವಾಗ ಬಸ್ಸಿನ ಕಂಡಕ್ಟರ್ ಚಿಲ್ಲರೆ ನಾಣ್ಯಗಳನ್ನು ಕೈಗೆ ಸುರಿದ. ಎಲ್ಲದಕ್ಕೂ ಫೋನ್ ತೋರಿಸುವ ಈ ಕಾಲದಲ್ಲಿ ಅಷ್ಟು ನಾಣ್ಯ ಹಿಡಿದು ಎಷ್ಟು ದಿನವಾಗಿತ್ತೋ! ಕಲ್ಲೋಳಿ ದಾಟುವಷ್ಟರಲ್ಲಿ ಅಂಗೈ ಬೆವೆತು, ಕಬ್ಬಿಣದಂಥ ಆ ಹಳೆಯ ವಾಸನೆ ಹತ್ತಿತ್ತು. ಮೂಗಿಗೆ ಹಿಡಿದು ನೋಡಿದೆ. ಪಕ್ಕದಲ್ಲಿ ಕೂತ ಹೆಂಗಸು ನನ್ನನ್ನು ವಿಚಿತ್ರವಾಗಿ ನೋಡಿದಳು. ನೋಡಲಿ ಬಿಡಿ. ನನಗೆ ಹುಕ್ಕೇರಿಯ ನಮ್ಮ ಓಣಿಯ ಮಾವಶಿ ನೆನಪಾಗಿದ್ದಳು...

ಮಾವಶಿ ಎಂದರೆ ಅವ್ವನ ಒಡಹುಟ್ಟಿದವಳೇನಲ್ಲ, ನೆರೆಮನೆಯವಳು. ಅವಳ ಮನೆಯ ಮುಂದಿನ ಕೋಣೆಯಲ್ಲಿ ವಿಡಿಯೊ ಗೇಮಿನ ಅಂಗಡಿ. ಗಂಡ ಮಿರಜಿನಿಂದ ತಂದಿದ್ದ ಮಶಿನ್‌ಗಳು. ಅದಕ್ಕೂ ಮೊದಲು ನಾಣ್ಯ ನುಂಗುವ ಯಂತ್ರ ಎಂದರೆ ನಮಗೆ ಘಟಪ್ರಭಾ ಸ್ಟೇಷನ್ನಿನ ತೂಕದ ಮಶಿನ್ ಒಂದೇ. ಅದು ಬರೀ ಚೀಟಿ ಉಗುಳುತ್ತಿತ್ತು. ಇಲ್ಲಿ ನಾಣ್ಯ ಹಾಕಿದರೆ ಗಾಜಿನೊಳಗೆ ಕಾರು ಓಡುತ್ತಿತ್ತು! ಗಂಡ ತೀರಿಕೊಂಡ ಮೇಲೆ ಮಾವಶಿಯೇ ಅಂಗಡಿ ನಡೆಸಿದಳು. ಇಡೀ ದಿನ ಗಂಡು ಹುಡುಗರ ಗದ್ದಲ. ಹೆಣ್ಣುಮಕ್ಕಳು ಅತ್ತ ಸುಳಿದರೆ ಓಣಿಗೆ ಓಣಿಯೇ ಆಡಿಕೊಳ್ಳುತ್ತಿತ್ತು.

ಆ ವರ್ಷ ನನಗೊಬ್ಬ ತಮ್ಮ ಹುಟ್ಟಿ, ಹೆಸರಿಡುವ ಮೊದಲೇ ಹೋಗಿಬಿಟ್ಟ. ಅವ್ವ ಮಾತು ಬಿಟ್ಟಳು. ರೊಟ್ಟಿ ಬಡಿಯುತ್ತಿದ್ದಳು, ನೀರು ತುಂಬುತ್ತಿದ್ದಳು, ಕೇಳಿದ್ದಕ್ಕೆ ಹೂಂ ಎನ್ನುತ್ತಿದ್ದಳು, ಅಷ್ಟೆ. ನನ್ನ ಅವ್ವ ಮೊದಲಿನಂತೆ ಆಗುತ್ತಾಳೋ ಇಲ್ಲವೋ ಎಂದು ನಾನು ದಿನವೂ ಅವಳ ಮುಖ ನೋಡುತ್ತಿದ್ದೆ.

ಅಮಾವಾಸ್ಯೆಗೆ ಮಾವಶಿಯ ಅಂಗಡಿ ಬಂದ್. ಮಶಿನ್ ಒರೆಸಿ, ಗಾಜಿನ ಮೇಲೆ ಮೂರು ಬೆರಳಿನ ವಿಭೂತಿ ಎಳೆದು ಪೂಜೆ ಮಾಡುತ್ತಿದ್ದಳು. ಅಂಥದೊಂದು ಮಧ್ಯಾಹ್ನ ನಮ್ಮ ಹಿತ್ತಲ ಬಾಗಿಲಿಗೆ ಬಂದು ಅವ್ವನ ಕೈ ಹಿಡಿದಳು.

“ಪೂಜಿ ಆದ ಮ್ಯಾಲ ಮಶಿನ್ ಹಂಗ ಬಿಡಬಾರದ ತಂಗಿ. ಒಂದ್ ಆಟ ಆಡಬೇಕ. ಇಬ್ಬರ ಇದ್ದರ ಆಟ. ಬಾ.”

“ನನಗೇನ್ ಬರತೈತ್ರಿ ಅಕ್ಕಾ ಅದು?”

“ನನಗರ ಎಲ್ಲಿ ಬರತೈತಿ?”

ಅಂಥ ನೇಮ ಯಾವ ಊರಲ್ಲೂ ಇಲ್ಲ. ಮಾವಶಿ ನಿಂತ ನಿಲುವಿನಲ್ಲೇ ಕಟ್ಟಿದ್ದು. ಆದರೆ ಪೂಜೆಯ ಮಾತು, ಅವ್ವನಿಗೆ ಒಲ್ಲೆ ಎನ್ನಲಾಗಲಿಲ್ಲ. ನಾನೂ ಹಿಂದೆ ಓಡಿದೆ.

ಕೆಂಪು ಕಾರು ಅವ್ವನದು, ನೀಲಿ ಮಾವಶಿಯದು. ಫಜೀತಿಯೆಲ್ಲ ವಿಭೂತಿಯದು. ಪೂಜೆಯ ವಿಭೂತಿಯನ್ನು ಅವತ್ತೇ ಒರೆಸುವಂತಿಲ್ಲ ಎಂದು ಮಾವಶಿಯ ಹಟ. ಕಾರುಗಳು ಪಟ್ಟೆಯ ಹಿಂದೆ ಹೊಕ್ಕು ಮಾಯವಾಗಿ, ಆಚೆ ಎಲ್ಲೋ ಡಿಕ್ಕಿ ಹೊಡೆದುಕೊಂಡು ಪ್ರತ್ಯಕ್ಷವಾಗುತ್ತಿದ್ದವು. ಇಬ್ಬರೂ ಕತ್ತು ಬಗ್ಗಿಸಿ ಪಟ್ಟೆಗಳ ಸಂದಿಯಲ್ಲಿ ಇಣುಕುತ್ತಿದ್ದರು. ಒಮ್ಮೆಲೇ ಅವ್ವ ಚೀರಿದಳು: “ಅಯ್ಯ, ನನ್ನ ಗಾಡಿ ಎಲ್ಲಿ ಹೋತ್ರಿ ಅಕ್ಕಾ!” ಆಮೇಲೆ ನಕ್ಕಳು. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆ ನಗು ಯಾವಾಗ ಅಳುವಾಯಿತೋ ತಿಳಿಯಲಿಲ್ಲ... ಮಾವಶಿ ಅವಳ ಬೆನ್ನ ಮೇಲೆ ಕೈಯಿಟ್ಟು ನಿಂತಳು. ಮಶಿನ್ ತನ್ನ ಪಾಡಿಗೆ ಕುಂಯ್‌ಗುಡುತ್ತಿತ್ತು.

ಅಲ್ಲಿಂದ ಪ್ರತಿ ಅಮಾವಾಸ್ಯೆಗೂ ಆಟ. ಅವ್ವನ ಮಾತು ಸ್ವಲ್ಪಸ್ವಲ್ಪವೇ ಮರಳಿತು. ಪ್ರತಿ ಸಲವೂ ಸೋಲುತ್ತಿದ್ದವಳು ಮಾತ್ರ ಮಾವಶಿ. ದಿನವಿಡೀ ಹುಡುಗರಿಗೆ ಆಟ ಹೇಳಿಕೊಡುವವಳು! ಇದು ಅವ್ವನಿಗೆ ತಿಳಿಯದಿರಲಿ ಎಂದು ನಾನು ಉಸಿರು ಬಿಗಿಹಿಡಿದು ನಿಂತಿರುತ್ತಿದ್ದೆ.

ಮುಂದೆ ಮನೆಮನೆಗೆ ಟಿವಿ ಗೇಮ್ ಬಂತು, ಮೊಬೈಲ್ ಬಂತು, ಮಶಿನ್‌ಗಳು ಗುಜರಿಗೆ ಹೋದವು. ನಾವು ಮೂಡಲಗಿಗೆ ಬಂದೆವು. ಹೋದ ಬೇಸಿಗೆಯಲ್ಲಿ ಮಾವಶಿಯೂ ಹೋದಳು.

ಮೊನ್ನೆ ಬಸ್ಸಿಳಿದು ಮನೆಗೆ ಬಂದವಳೇ ಅವ್ವನನ್ನು ಕೇಳಿಬಿಟ್ಟೆ: “ಮಾವಶಿ ಬೇಕಂತನ ಸೋಲತಿದ್ಲು. ನಿನಗ ಗೊತ್ತಿತ್ತೇನವ್ವಾ?”

ಅವಳು ಶೇಂಗಾ ಸುಲಿಯುವುದನ್ನು ನಿಲ್ಲಿಸಲಿಲ್ಲ.

“ಗೊತ್ತಿಲ್ದ ಏನ? ಅಂಗಡಿಗಿ ಹುಡುಗೋರ ಬರತಿದ್ರು. ಅಕಿ ಸಲುವಾಗಿ ಯಾರ ಬರತಿದ್ರು ಹೇಳು? ಗಂಡ ಸತ್ತ ಮ್ಯಾಲ ಅಕಿಗಿ ನನ್ನ ನಗಸೂದ ಒಂದ ಕೆಲಸ ಆಗಿತ್ತ. ಅದಕ್ಕ ನಾನೂ ಸುಮ್ಮನ ಗೆಲ್ಲತಿದ್ದೆ.”

ಇಷ್ಟು ವರ್ಷ ನಾನು ಒಬ್ಬಳ ಪ್ರೀತಿಯನ್ನಷ್ಟೇ ಕಂಡಿದ್ದೆ.

ಈಗಲೂ ಅಮಾವಾಸ್ಯೆ ಬಂತೆಂದರೆ ಅವ್ವ ಬೇಗ ಊಟ ಮುಗಿಸಿ, ನೆರಿಗೆ ಸರಿಮಾಡಿಕೊಂಡು ಹಿತ್ತಲ ಕಡೆ ಮುಖ ಮಾಡಿ ಕೂರುತ್ತಾಳೆ. ಕರೆಯುವವರು ಯಾರೂ ಇಲ್ಲ.