ಬದಲಿಸಿಟ್ಟ ಮೂಸೆ

ಸುಮಂಗಲಾ ತಂಗಿ, ನಿನ್ನ ಪುಡಿಯಲ್ಲಿ ಬೇರೆ ಉಪ್ಪು ಬೆರೆಯುವಂತೆ ಮಾಡಿದವನು ನಾನು. ನೀನಲ್ಲ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ನಿಂತವನೂ ನಾನೇ — ಪ್ರಯೋಗಶಾಲೆಯ ಭಟ್ಟಿ ನೋಡಿಕೊಳ್ಳುತ್ತಿದ್ದ ಬಸಣ್ಣ.

ಅರ್ಧಕ್ಕೇ ಶಾಲೆ ಬಿಟ್ಟವನು ನಾನು. ಕೋಟನೂರಿನಿಂದ ಸೈಕಲ್ ತುಳಿದು, ಎಲ್ಲರಿಗಿಂತ ಮೊದಲು ಬಂದು ಭಟ್ಟಿ ಹಚ್ಚುತ್ತಿದ್ದೆ. ಪುಡಿ ಸುಡುವ ಮೂಸೆಗಳನ್ನು ತೊಳೆದಿಡುತ್ತಿದ್ದೆ. "ಬಸಣ್ಣ ತೊಳದಾನಂದ್ರ ಮುಗೀತು, ಮತ್ತ ಕೇಳಬ್ಯಾಡ್ರಿ" ಎಂದು ಪ್ರಯೋಗಶಾಲೆ ನಡೆಸುತ್ತಿದ್ದ ಸರ್ ಹೊರಗಿನವರ ಮುಂದೆ ಹೇಳಿದರೆ ನನ್ನ ಎದೆ ಉಬ್ಬುತ್ತಿತ್ತು. ಆ ಮಾತೇ ನನ್ನ ಡಿಗ್ರಿ.

ನೀನು ಸರ್ ಕೈಕೆಳಗೆ ಸಂಶೋಧನೆ ಮಾಡಲು ಕಮಲಾಪುರದಿಂದ ಬಸ್ಸಿಗೆ ಬರುತ್ತಿದ್ದಿ. ಬಿಳಿ ಬೆಳಕಿನ ಎಲ್‌ಇಡಿ ಆಗಿನ್ನೂ ಹೊಸದು. ನೀಲಿ ದೀಪದ ಮೇಲೆ ಹಳದಿ ಹೊಳಪಿನ ಪುಡಿ ಬಳಿದು ಬಿಳಿ ಮಾಡುತ್ತಾರೆ, ಆ ಬಿಳಿಯಲ್ಲಿ ಮುಖಗಳು ಹೆಣದ ಹಾಗೆ ಕಾಣುತ್ತವೆ, ಕೆಂಪು ಸೇರಬೇಕು ಅನ್ನುತ್ತಿದ್ದಿ. ಕೆಂಪಿಗೆ ಯುರೋಪಿಯಂ ಎಂಬ ದುಬಾರಿ ಉಪ್ಪು ಬೇಕು. ಅದಿಲ್ಲದೆ, ಅಗ್ಗದ ಮ್ಯಾಂಗನೀಸಿನಿಂದಲೇ ತರುತ್ತೇನೆಂದು ನಿನ್ನ ಹಟ. "ಬಡವರ ಮನ್ಯಾಗೂ ಮಂದಿ ಮಾರಿ ಛಂದ ಕಾಣ್ಬೇಕಲ್ಲಣ್ಣ" ಎಂದು ನಗುತ್ತಿದ್ದಿ.

ಯುರೋಪಿಯಂ ಹಾಕುವವರ ಮೂಸೆ ಬೇರೆ, ನಿನ್ನದು ಬೇರೆ. ಅವು ಬೆರೆಯದಂತೆ ಕಾಯುವುದೇ ನನ್ನ ಕೆಲಸ. ಅವತ್ತು ಅವಸರ ಮಾಡಿ, ನಿನ್ನ ಕಾದ ಮೂಸೆಯನ್ನು ತಣ್ಣನೆಯ ಕಲ್ಲಿನ ಮೇಲಿಟ್ಟೆ. ಟಪ್ಪೆಂದು ಸೀಳಿಹೋಯಿತು. ಹೊಸದು ಇರಲಿಲ್ಲ. ಒಡೆದೆ ಎಂದು ಹೇಳಲು — ನನಗೆ, ಬಸಣ್ಣನಿಗೆ — ಆಗಲಿಲ್ಲ. ಯುರೋಪಿಯಂ ಮೂಸೆಯೊಂದನ್ನು ಆಸಿಡ್‌ನಲ್ಲಿ ತೊಳೆದು, ಅದರ ಗುರುತು ಕೆರೆದು, ನಿನ್ನ ಗುರುತು ಹಾಕಿಟ್ಟೆ. ತೊಳೆದವನು ನಾನಲ್ಲವೇ, ಏನು ಉಳಿದೀತು —

ಉಳಿದಿತ್ತು. ಹೊಳಪು ಪರೀಕ್ಷಿಸುವ ನೇರಳೆ ದೀಪದ ಕೆಳಗೆ ನಿನ್ನ ಪುಡಿ ಕೆಂಡದ ಹಾಗೆ ಹೊಳೆಯಿತು. ನೀನು ಸಂತೋಷಕ್ಕೆ ಅತ್ತಿ. ಊರಿಂದ ಕೆಂಪು ಬಾಳೆಹಣ್ಣು ತಂದು ಎಲ್ಲರಿಗೂ ಹಂಚಿದಿ. ನಾನೂ ತಿಂದೆ. ಆಗಲಾದರೂ ಹೇಳಬಹುದಿತ್ತು. ಹೇಳುವುದು ಬಿಟ್ಟು, ಆ ಮೂಸೆಯನ್ನು ಒಡೆದು ತಿಪ್ಪೆಗೆ ಎಸೆದೆ.

ಆಮೇಲೆ ತರಿಸಿದ ಹೊಸ ಮೂಸೆಯಲ್ಲಿ ಎಷ್ಟು ಸಲ ಸುಟ್ಟರೂ ನಿನ್ನ ಪುಡಿ ಸಪ್ಪಗೇ ಉಳಿಯಿತು. ಅಷ್ಟರಲ್ಲಿ ಸರ್ ನಾಲ್ಕು ಕಡೆ ಹೇಳಿಕೊಂಡಿದ್ದರು. ಹೊರಗೆ ಪರೀಕ್ಷೆಗೆ ಕಳಿಸಿದ ಮೊದಲ ಪುಡಿಯಲ್ಲಿ ಯುರೋಪಿಯಂ ಸಿಕ್ಕಿತು. ಹೆಸರಿನ ಆಸೆಗೆ ಬೇಕೆಂದೇ ಬೆರೆಸಿದ್ದಿ ಎಂದು ಎಲ್ಲರೆದುರು ಅಂದರು ಸರ್. ನೀನು ನನ್ನ ಕಡೆ ತಿರುಗಿದಿ. "ಬಸಣ್ಣ, ಮೂಸಿ ಏನರ ಬದಲಾಗಿತ್ತೇನು? ನೆನಪ ಮಾಡ್ಕೋ ಅಣ್ಣ."

ನಿನ್ನ ಮುಖ ನೋಡದೆ ಸರ್ ಕಡೆ ನೋಡಿ ಹೇಳಿದೆ — "ನನ್ನ ಕೈಯಾಗ ಹಂಗ ಆಗಂಗಿಲ್ರೀ ಸರ್."

ನೀನು ಮತ್ತೆ ಆ ಕಡೆ ಬರಲಿಲ್ಲ.

ಹೋದ ತಿಂಗಳು ಕಮಲಾಪುರಕ್ಕೆ ಬಂದದ್ದು ಇದನ್ನು ಹೇಳಲೆಂದೇ. ಟ್ಯೂಷನ್ ಮಕ್ಕಳನ್ನು ಎಬ್ಬಿಸಿ ನನ್ನನ್ನು ಕೂರಿಸಿದಿ. "ಏನಣ್ಣ, ಪೂರಾ ಮುದುಕ ಆಗೀಯಲ್ಲ! ಸೈಕಲ್ ಐತೋ, ಮಾರಿದ್ಯೋ?" ಎಂದು ಚಹಾ ಕೊಟ್ಟಿ. ಆಮೇಲೆ ಮೆಲ್ಲಗೆ, "ನಾನೇ ಎಲ್ಲೋ ಚಮಚಾ ತಪ್ಪಿ ಹಾಕಿದ್ನೇನೋ ಅಣ್ಣ, ಇನ್ನೂ ತಿಳೀವಲ್ದು" ಅಂದಿ. ಇಷ್ಟು ವರ್ಷ ನಿನ್ನ ಕೈಯನ್ನೇ ನೀನು ನಂಬದೆ — ಅಯ್ಯೋ, ತಾಯಿ. ಆಗಲೂ ಹೇಳದೆ, ಚಹಾದ ಲೋಟ ಕೆಳಗಿಟ್ಟು ಎದ್ದು ಬಂದೆ.

ನಿನ್ನೆ ಬ್ರಹ್ಮಪುರದಲ್ಲಿರುವ ಸರ್ ಮನೆಗೆ ಹೋಗಿ ಎಲ್ಲ ಹೇಳಿದೆ. "ಆ ಹುಡುಗಿಗೆ ನಾ ಏನೇನ ಅಂದ್ನೋ, ಬಸಣ್ಣ" ಅಂದರು. ನನ್ನನ್ನು ಬೈಯಲಿಲ್ಲ — ಬೈದಿದ್ದರೆ ಎಷ್ಟೋ ವಾಸಿ.

ಕ್ಷಮಿಸು ಅನ್ನುವ ಮುಖ ನನಗಿಲ್ಲ. ನಾಳೆ ಸರ್ ಅವರನ್ನು ಕರೆದುಕೊಂಡು ಬರುತ್ತಿದ್ದೇನೆ. ಈ ಕಾಗದವನ್ನು ಅವರೆದುರು, ನಿನ್ನ ಮನೆಯವರೆದುರು ಓದುತ್ತೇನೆ. ನೀನು ಬಾಗಿಲು ತೆಗೆಯದಿದ್ದರೆ, ಓಣಿಗೆಲ್ಲ ಕೇಳುವ ಹಾಗೆ ಹೊರಗೇ ನಿಂತು ಓದುತ್ತೇನೆ.