ಮಂಡಕ್ಕಿಯ ಹಿಕ್ಕೆಗಾಗಿ ಕಾದಿದ್ದು

ಮೊದಲು ಕಂಡಿದ್ದು ಸೋಫಾದ ಕೆಳಗೆ ಬಿಳಿ ಕೂದಲಿನ ಒಂದು ಉಂಡೆ. ಪಕ್ಕದಲ್ಲಿ ಒಂದು ಹನಿ ರಕ್ತ.

ಮಂಡಕ್ಕಿಯ ಕಿವಿ ಹರಿದಿತ್ತು.

ಮಂಡಕ್ಕಿ ನಮ್ಮ ಬಿಳಿ ಮೊಲ. ಮಿರ್ಚಿ ಕಂದು ಬಣ್ಣದ್ದು. ಎರಡೂ ಗಂಡು, ಒಂದೇ ತಾಯಿಯ ಮರಿಗಳು. ದಾವಣಗೆರೆಯ ನಮ್ಮ ಮನೆಯಲ್ಲಿ ಅಂಟಿಕೊಂಡೇ ಬೆಳೆದವು, ಪ್ರಾಯಕ್ಕೆ ಬಂದದ್ದೇ ದಾಯಾದಿಗಳಾದವು. ನ್ಯೂಟರಿಂಗ್, ಅಂದರೆ ಬೀಜ ತೆಗೆಯುವ ಆಪರೇಷನ್, ಮಾಡಿಸದೆ ಗತಿಯಿರಲಿಲ್ಲ. ಮೊಲದ ಆಪರೇಷನ್ನಿಗೆ ಕೈ ಪಳಗಿದ ಡಾಕ್ಟರಮ್ಮ ಇದ್ದದ್ದು ಹರಿಹರದಲ್ಲಿ. ಹರಿಹರದ ರೋಗಿಗಳೆಲ್ಲ ದಾವಣಗೆರೆಯತ್ತ ಬರುವ ಹೊತ್ತಿಗೆ ನಾವು ನಮ್ಮ ರೋಗಿಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಎದುರು ದಿಕ್ಕಿಗೆ ಹೊರಟೆವು.

ಚಿಂತೆ ಮಾಡುವುದರಲ್ಲಿ ನಾನು ಪಳಗಿದವನು. ನನ್ನ ಹರ್ನಿಯಾ ಆಪರೇಷನ್ನಿಗೆ ಮುಂಚೆ ನನಗೆ ಗುಟುಕು ನೀರೂ ಕೊಟ್ಟಿರಲಿಲ್ಲ. ಆ ಜ್ಞಾನದ ಬಲದಿಂದ ಬೆಳಿಗ್ಗೆ ಎರಡಕ್ಕೂ ಹುಲ್ಲು ಹಾಕದೆ ಕರೆತಂದಿದ್ದೆ. ಡಾಕ್ಟರಮ್ಮನಿಗೆ ಅದನ್ನು ಹೆಮ್ಮೆಯಿಂದಲೇ ಹೇಳಿದೆ.

"ಯಾರು ಹೇಳಿದ್ರು ನಿಮಗೆ? ಮೊಲಾನ ಉಪವಾಸ ಕೆಡವಬಾರ್ದು. ಹೊಟ್ಟೆ ಖಾಲಿ ಆದ್ರೆ ಕರುಳೇ ನಿಂತು ಹೋಗ್ತಾವ."

ಅಲ್ಲೇ ಹುಲ್ಲು ತಿನ್ನಿಸಿ, ಸ್ವಲ್ಪ ಕಾದು, ಆಮೇಲೆ ಅನಸ್ತೇಶಿಯಾ ಕೊಟ್ಟರು. ಆಪರೇಷನ್ ಸಲೀಸಾಗಿ ಆಯಿತು. ಹೊರಡುವಾಗ ಹೇಳಿದರು: "ಹೊಲಿಗೆ ನಾನು ನೋಡ್ಕಂತೀನಿ. ನೀವು ಒಂದೇ ನೋಡ್ರಿ. ತಿನ್ನಬೇಕು, ಹಿಕ್ಕೆ ಹಾಕಬೇಕು. ನಾಳೆ ಬೆಳಿಗ್ಗೆಗೂ ಇಲ್ಲಂದ್ರೆ ತಡ ಮಾಡಬ್ಯಾಡ್ರಿ, ಕರ್ಕಂಡು ಬಂದ್ಬಿಡ್ರಿ."

ಮನೆಯಲ್ಲಿ ನನ್ನ ಬಿಳಿ ಪಂಚೆಯನ್ನೇ ಹಾಸಿದೆ, ರಕ್ತವಾಗಲಿ ಹಿಕ್ಕೆಯಾಗಲಿ ಚೆನ್ನಾಗಿ ಕಾಣಲೆಂದು. ನಡುವೆ ಜಾಲರಿ ನಿಲ್ಲಿಸಿದೆ. ಮಿರ್ಚಿ ಬಂದ ಕೂಡಲೇ ಹುಲ್ಲಿಗೆ ಬಾಯಿ ಹಾಕಿತು. ಮಂಡಕ್ಕಿ ಮೂಲೆಯಲ್ಲಿ ಮುದುರಿ ಕೂತಿತು.

ತಿನ್ನಲಿಲ್ಲ.

ಮರುದಿನ ಬೆಳಗಾದರೂ ಮಂಡಕ್ಕಿಯ ಕಡೆ ಪಂಚೆ ಹಾಗೇ ಬೆಳ್ಳಗಿತ್ತು. ಫೋನ್ ಮಾಡಿದೆ. ನೋವಿನ ಸಿರಪ್ಪು ಕೊಟ್ಟು, ಸಿರಿಂಜಿನಲ್ಲಿ ಗಂಜಿಯಂಥ ಆಹಾರ ಕುಡಿಸಿ, ಮಧ್ಯಾಹ್ನದೊಳಗೆ ತಾನಾಗಿ ತಿನ್ನದಿದ್ದರೆ ಹೊರಡಿ ಎಂದರು. ತಿನ್ನಿಸಿಯೇ ಏಳುವುದು ಎಂದು ಹಠ ಹಿಡಿದೆ. ಸಿರಿಂಜಿನ ಗಂಜಿ ಅರ್ಧ ಅದರ ಎದೆಯ ಮೇಲೆ, ಉಳಿದರ್ಧ ನನ್ನ ಅಂಗಿಯ ಮೇಲೆ. ಕೊತ್ತಂಬರಿ ಮೂಗಿಗೇ ಹಿಡಿದೆ. ಕೊನೆಗೆ ಬೋರಲಾಗಿ ಮಲಗಿ ಅದರ ಬಾಯನ್ನೇ ನೋಡತೊಡಗಿದೆ. ಅದು ನನ್ನನ್ನು ನೋಡಿತು, ರೆಪ್ಪೆ ಬಡಿಯದೆ.

ನನ್ನ ಹೆಂಡತಿ ಗಿರಿಜಾ ರೊಟ್ಟಿ ಬಡಿದು ಮುಗಿಸಿ ಬಂದಳು.

"ಏಳ್ರಿ ಮ್ಯಾಲೆ. ಉಣ್ಣೋರ ಬಾಯಿ ಹಿಂಗ ನೋಡ್ತಾರೇನ್ರಿ? ನನಗಾದ್ರೂ ತುತ್ತು ಇಳೀತಿತ್ತಾ?"

"ನನ್ನ ದೃಷ್ಟಿ ತಾಗೈತೆ ಅಂತೀಯಾ?"

"ದೃಷ್ಟಿ ಯಾಕ ಬೇಕು, ಹುಲಿ ಹೊಂಚು ಹಾಕಿದಂಗ ಮಕ್ಕಂಡೀರಿ. ಅದು ಹೆಂಗ ತಿಂತೈತೆ?"

ದಿನವೂ ನಾವು ನೆಲದ ಮೇಲೆ ಉಣ್ಣುವಾಗ ರೊಟ್ಟಿಯ ಜತೆಗಿನ ಹಸಿ ಮೆಂತ್ಯದಲ್ಲಿ ಎಲೆ ನಮಗೆ, ಕಡ್ಡಿ ಅವಕ್ಕೆ. ನನ್ನ ಗಾಬರಿಯಲ್ಲಿ ನಿನ್ನೆಯಿಂದ ಮನೆಯಲ್ಲಿ ಯಾರೂ ಸರಿಯಾಗಿ ಕೂತು ಉಂಡಿರಲಿಲ್ಲ. ಗಿರಿಜಾ ಜಾಲರಿಯ ಪಕ್ಕದಲ್ಲೇ ತಟ್ಟೆ ಹಾಕಿದಳು. ಮಂಡಕ್ಕಿಗೆ ಬೆನ್ನು ಮಾಡಿ ಕೂತೆವು. ಅವಳು ತಿರುಗದೆಯೇ ಕಡ್ಡಿಗಳನ್ನು ಹಿಂದಕ್ಕೆ ಹಾಕಿ, ರೊಟ್ಟಿ ಮುರಿದಳು.

ಒಬ್ಬ ಚಿಂತಾಜೀವಿಗೆ ನೋಡದೇ ಇರುವುದಕ್ಕಿಂತ ಕಷ್ಟದ ಶುಶ್ರೂಷೆ ಇಲ್ಲ. ಕುತ್ತಿಗೆ ತಾನಾಗಿ ತಿರುಗಲು ಹೊರಡುತ್ತಿತ್ತು. ಹಲ್ಲು ಕಚ್ಚಿ ರೊಟ್ಟಿ ಅಗಿದೆ. ಏನು ಪಲ್ಯ ಇತ್ತೋ ಈಗಲೂ ಗೊತ್ತಿಲ್ಲ. ಆಗ ಗಿರಿಜಾಳ ಎಡಗೈ ನನ್ನ ಮೊಣಕಾಲನ್ನು ಒತ್ತಿತು.

ಹಿಂದೆ ಕರ್, ಕರ್.

ನಾನು ತಿರುಗಲಿಲ್ಲ.

ಸಂಜೆ ಪಂಚೆಯ ಮೇಲೆ ಹಿಕ್ಕೆ ಬಿದ್ದಿದ್ದವು. ಕಾಳುಮೆಣಸಿನಷ್ಟೇ ಸಣ್ಣವು, ಒಣಕಲು. ಫೋಟೊ ತೆಗೆದು ಹರಿಹರಕ್ಕೆ ಕಳಿಸಿದೆ. ಇನ್ನೂ ದಪ್ಪ ಆಗಬೇಕು, ಸಿರಿಂಜು ಬಿಡಬೇಡಿ ಎಂದು ಉತ್ತರ ಬಂತು. ಬಿಡಲಿಲ್ಲ.

ಹೊಲಿಗೆ ಈಗ ಒಣಗುತ್ತಿದೆ. ಅಣ್ಣತಮ್ಮಂದಿರ ಸಿಟ್ಟು ಇಳಿಯಲು ಇನ್ನೂ ಕೆಲವು ವಾರ ಬೇಕಂತೆ. ಜಾಲರಿಯ ಆಚೆ ಈಚೆ ಮೂಗಿಗೆ ಮೂಗು ತಾಗಿಸಿ ಮಲಗುತ್ತವೆ. ಅದು ಪ್ರೀತಿಯೋ ಸಂಚೋ, ನಾನು ವಿಚಾರಿಸಲು ಹೋಗಿಲ್ಲ. ಹುಲ್ಲು ಹಾಕಿ, ಬೆನ್ನು ತಿರುಗಿಸಿ, ಪೇಪರ್ ಬಿಡಿಸಿಕೊಂಡು ಕೂರುತ್ತೇನೆ.

ಓದುವುದಿಲ್ಲ. ಕೇಳಿಸಿಕೊಳ್ಳುತ್ತೇನೆ.