ಒಳಗಟ್ಟಿ ಮರಗಳ ಪಟ್ಟಿ

ಅವನನ್ನು ಎಲ್ಲರೂ ಗರ್ರಣ್ಣ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಮೋಟಾರು ಗರಗಸ ಹಿಡಿದು ಮರ ಬೀಳಿಸಿದವನು. ಬೆಳಿಗ್ಗೆ ಏಳಕ್ಕೆ ಆ ಗರಗಸ ಗರ್ರ್ ಎಂದರೆ ಕೆಳಗಿನ ಬೀದಿಯ ತಾಯಂದಿರು ಮಕ್ಕಳನ್ನು ಶಾಲೆಗೆ ಎಬ್ಬಿಸುತ್ತಿದ್ದರು. ಗರಗಸ ಅವನಿಗೆ ಹೆಸರು ಕೊಟ್ಟು ಎಡಗಿವಿಯನ್ನು ತೆಗೆದುಕೊಂಡಿತ್ತು. ಏನಾದರೂ ಹೇಳಬೇಕಾದವರು ಸುತ್ತಿ ಬಂದು ಅವನ ಬಲಗಡೆ ನಿಲ್ಲುತ್ತಿದ್ದರು. ಹೆಂಡತಿ ಮಾತ್ರ ಬೈಯಬೇಕಾದಾಗ ಎಡಗಡೆ ನಿಲ್ಲುತ್ತಿದ್ದಳು. "ಬೈದ ಸಮಾಧಾನ ನನಗೆ, ಕೇಳದ ಸಮಾಧಾನ ಅವರಿಗೆ" ಎನ್ನುತ್ತಿದ್ದಳು.

ಅವನ ಕೈಚಳಕ ಬೀಳಿಸುವುದರಲ್ಲಿ ಮಾತ್ರ ಇರಲಿಲ್ಲ. ಹೊರಗಿನಿಂದ ಗುಂಡುಕಲ್ಲಿನ ಹಾಗೆ ಕಾಣುವ ಎಷ್ಟೋ ಹಳೆಯ ಮರಗಳು ಒಳಗೆ ಪೊಳ್ಳಾಗಿರುತ್ತವೆ. ಕಡಿದು ಕೆಡವಿದ ಮೇಲೆ ಗೊತ್ತಾದರೆ ಕೂಲಿಯೂ ನಷ್ಟ, ಮರವೂ ನಷ್ಟ. ಗರ್ರಣ್ಣ ಎಡ ಅಂಗೈಯನ್ನು ತೊಗಟೆಯ ಮೇಲೆ ಒತ್ತಿಟ್ಟುಕೊಂಡು, ಬಲಗೈಯಲ್ಲಿ ಕೊಡಲಿಯ ಹಿಂಬದಿಯಿಂದ ಮೂರು ಕಡೆ ತಟ್ಟುತ್ತಿದ್ದ. ಸದ್ದಿಗಿಂತ ಅದುರು ಅವನಿಗೆ ಹೆಚ್ಚು ಹೇಳುತ್ತಿತ್ತು. "ಇದು ಬೇಡ, ಹೊಟ್ಟೆ ಖಾಲಿ" ಎಂದರೆ ಯಾರೂ ಎರಡನೇ ಮಾತು ಆಡುತ್ತಿರಲಿಲ್ಲ.

ಗುಡ್ಡದ ಬುಡದಲ್ಲಿ ಏಳು ಮನೆಗಳಿದ್ದವು. ಪ್ರತಿ ಮನೆಯ ಹಿತ್ತಲಿನಿಂದ ಮೇಲೆ ನೆತ್ತಿಯವರೆಗೆ ಒಂದೊಂದು ಪಟ್ಟಿ ಕಾಡು ಆ ಮನೆಯವರ ಹೆಸರಿನಲ್ಲಿತ್ತು. ಗರ್ರಣ್ಣನದು ಐದನೇ ಮನೆ. ನಾಲ್ಕನೆಯದು ಅವನ ಹೆಂಡತಿಯ ಅಣ್ಣನದು. ರಸ್ತೆ ತಿರುವಿನಲ್ಲಿ ಚಹಾದಂಗಡಿ ಇಟ್ಟಿದ್ದ ಆ ಭಾವ ಬೆಂಕಿಕಡ್ಡಿಯನ್ನೂ ಸಾಲ ಕೊಡದ ಜಿಪುಣ, ಮಾತಿಗೆ ಮಾತ್ರ ಧಾರಾಳಿ. ತುದಿಯ ಮನೆಯಲ್ಲಿ ಒಬ್ಬ ನಿವೃತ್ತ ನರ್ಸಮ್ಮ ಒಂಟಿಯಾಗಿದ್ದಳು. ಏಳು ಮನೆಯವರೂ ಕೈ ಬಿಗಿಯಾದಾಗಲೆಲ್ಲ ಎರಡೋ ಮೂರೋ ಮರ ಮಾರುತ್ತಿದ್ದರು, ಗರ್ರಣ್ಣ ಹೋಗಿ ಬೀಳಿಸಿ ಬರುತ್ತಿದ್ದ. ಹೀಗೆಯೇ ನೆತ್ತಿ ತೆಳ್ಳಗಾಗುತ್ತಾ ಬಂದಿತ್ತು.

ಅವನಿಗೆ ನಲವತ್ತಾರು ತುಂಬಿದ ವರ್ಷ ಒಬ್ಬ ಯುವಕ ಬೈಕಿನಲ್ಲಿ ಬಂದ. ಕುತ್ತಿಗೆಗೆ ಅಳತೆಯ ಟೇಪು ಹಾಕಿಕೊಂಡಿದ್ದರಿಂದ ಒಂದೇ ವಾರದಲ್ಲಿ ಟೇಪ್ ಸಾಹೇಬನಾದ. ಶಾಲೆಯ ಕೋಣೆಯಲ್ಲಿ ಏಳು ಮನೆಯವರನ್ನೂ ಮಕ್ಕಳ ಬೆಂಚುಗಳ ಮೇಲೆ ಕೂರಿಸಿ ವಿಷಯ ಹೇಳಿದ. ಗುಡ್ಡದ ಮೇಲೆ ಕಾಡು ನಿಂತರೆ ಹೊಳೆ ತಿಳಿಯಾಗಿರುತ್ತದೆ. ಹೊಳೆ ತಿಳಿಯಾಗಿದ್ದರೆ ಕೆಳಗಿನ ಪಟ್ಟಣದ ನೀರಿನ ಕಚೇರಿಗೆ ಮಣ್ಣು ಸೋಸುವ ಖರ್ಚು ಉಳಿಯುತ್ತದೆ. ಆ ಉಳಿತಾಯದಲ್ಲಿ ಒಂದು ಪಾಲು, ಕಾಡಿನ ಮೇಲೆ ಕಾಳಜಿ ಇರುವ ದೂರದ ಒಂದು ನಿಧಿಯಿಂದ ಇನ್ನೊಂದು ಪಾಲು, ಎರಡೂ ಸೇರಿ ವರ್ಷ ವರ್ಷ ಮನೆಬಾಗಿಲಿಗೆ ಬರುತ್ತವೆ. ಹತ್ತು ವರ್ಷದ ಒಪ್ಪಂದ.

"ಅಂದ್ರೆ ನಾವು ಏನು ಕೆಲ್ಸ ಮಾಡ್ಬೇಕು?" ಭಾವ ಕೇಳಿದ.

"ಏನೂ ಮಾಡಬಾರ್ದು. ಕಡೀಬಾರ್ದು, ಅಷ್ಟೆ."

"ಹಂಗಾದ್ರೆ ನನ್ ಮಗನಿಗೆ ಹೇಳಿ ಮಾಡಿಸಿದ ಕೆಲ್ಸ" ಎಂದ ಭಾವ. ಬೆಂಚುಗಳು ಕಿರುಗುಟ್ಟುವಷ್ಟು ಎಲ್ಲರೂ ನಕ್ಕರು.

ನಗದೆ ಕೂತಿದ್ದವನು ಗರ್ರಣ್ಣ ಒಬ್ಬನೇ. ಆ ವರ್ಷ ಅವನ ಬೆರಳುಗಳು ಕೈಕೊಡಲು ಶುರುಮಾಡಿದ್ದವು. ಗರಗಸದ ನಡುಕ ಮೂಳೆಗೆ ಇಳಿದು, ಬೆಳಿಗ್ಗೆ ಹೊತ್ತು ತುದಿಗಳು ಸುಣ್ಣದ ಹಾಗೆ ಬಿಳುಚಿಕೊಂಡು ಮರಗಟ್ಟುತ್ತಿದ್ದವು. ನರ್ಸಮ್ಮ ನೋಡಿ, "ಇನ್ನೆರಡು ವರ್ಷ ಹೀಗೇ ಹಿಡಿದ್ರೆ ಲೋಟ ಹಿಡಿಯೋಕೂ ಇನ್ನೊಬ್ರು ಬೇಕಾಗತ್ತೆ ನಿಂಗೆ" ಎಂದು ಹೆದರಿಸಿದ್ದಳು. ಕೆಲಸ ಬಿಡಲು ಅವನಿಗೊಂದು ನೆಪ ಬೇಕಿತ್ತು. ಸಿಕ್ಕಿದ್ದು ನೆಪಕ್ಕಿಂತ ದೊಡ್ಡದು ಅನ್ನಿಸಿತು. ಮೊದಲ ಸಹಿ ಅವನೇ ಹಾಕಿದ, ಗರಗಸವನ್ನು ಪಕ್ಕದ ಕಣಿವೆಯವನಿಗೆ ಮಾರಿಬಿಟ್ಟ. ಆಮೇಲೆ ಮನೆ ಮನೆಗೂ ಹೋಗಿ ಕೂತು ಮಾತಾಡಿದ. ಗರಗಸ ಹಿಡಿದವನೇ ಗರಗಸ ಕೆಳಗಿಟ್ಟು ಹೇಳುತ್ತಿದ್ದಾನಲ್ಲ ಎಂದು ಉಳಿದವರೂ ಒಬ್ಬೊಬ್ಬರಾಗಿ ಒಪ್ಪಿದರು. ಕಡೆಯವನಾಗಿ ಸಹಿ ಹಾಕಿದ ಭಾವ, "ನಿನ್ ಮುಖ ನೋಡಿ ಹಾಕ್ತಿದೀನಿ, ಆ ಟೇಪಿನ ಮುಖ ನೋಡಿ ಅಲ್ಲ" ಎಂದ.

ನಂತರದ ನಾಲ್ಕು ವರ್ಷ ತನ್ನ ಬದುಕಿನ ಒಳ್ಳೆಯ ಕಾಲ ಎಂದು ಗರ್ರಣ್ಣ ಆಗ ನಂಬಿದ್ದ. ಅವನಿಗೆ ಕಾವಲು ಮತ್ತು ಅಳತೆಯ ಕೆಲಸ ಸಿಕ್ಕಿತು. ಟೇಪ್ ಸಾಹೇಬ ತಿಂಗಳಿಗೆ ಹತ್ತು ದಿನ ಬರುತ್ತಿದ್ದ. ಇಬ್ಬರೂ ಬೆಳಿಗ್ಗೆ ಗುಡ್ಡ ಹತ್ತಿ, ಒಂದೊಂದೇ ಮರದ ಸುತ್ತಳತೆಯನ್ನು ಎದೆಮಟ್ಟದಲ್ಲಿ ಹಿಡಿದು, ನಂಬರು ಕೆತ್ತಿದ ತಗಡಿನ ಬಿಲ್ಲೆ ಹೊಡೆದು, ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಮಧ್ಯಾಹ್ನದ ಊಟ ಗರ್ರಣ್ಣನ ಮನೆಯಲ್ಲಿ. ಹೆಂಡತಿ ಟೇಪ್ ಸಾಹೇಬನಿಗೆಂದು ಖಾರ ಕಮ್ಮಿ ಮಾಡುತ್ತಿದ್ದಳು. ತಾಯಿಯಿಲ್ಲದ ಹುಡುಗ ಎಂದು ತಿಳಿದ ಮೇಲೆ ಎರಡನೇ ಸಲ ಬಡಿಸುವಾಗ ಕೇಳುವುದನ್ನೂ ಬಿಟ್ಟಳು. ಗರ್ರಣ್ಣನ ಮಗಳಿಗೆ ಹೆರಿಗೆಯಾದಾಗ ಆಸ್ಪತ್ರೆಗೆ ಬೈಕಿನಲ್ಲಿ ಮೊದಲು ಓಡಿದವನೂ ಅವನೇ, ಕೂಸಿನ ತೂಕ ಫೋನಿನಲ್ಲಿ ಕಿರುಚಿ ಹೇಳಿದವನೂ ಅವನೇ.

ಅಳತೆಯ ಫಾರಂನಲ್ಲಿ ಜಾತಿ, ಸುತ್ತಳತೆ, ಎತ್ತರ ಇಷ್ಟೇ ಇದ್ದವು. ಒಂದು ದಿನ ಗರ್ರಣ್ಣ ಅಭ್ಯಾಸಬಲದಿಂದ ಮರ ತಟ್ಟಿ, "ಇದು ಖಾಲಿ" ಎಂದ. ಟೇಪ್ ಸಾಹೇಬ ಬೆರಗಾಗಿ, ಅದೇ ಮರವನ್ನು ತಾನೂ ತಟ್ಟಿದ, ಏನೂ ಗೊತ್ತಾಗಲಿಲ್ಲ.

"ಅಣ್ಣಾ, ಇದನ್ನೂ ಬರ್ಕೊಳ್ಳೋಣ. ಯಾವ ಮರದಲ್ಲಿ ನಿಜವಾಗ್ಲೂ ಎಷ್ಟು ಜೀವ ಇದೆ ಅಂತ ಗೊತ್ತಾದ್ರೆ ಆಫೀಸ್ನೋರು ತಲೆದೂಗ್ತಾರೆ."

"ನಿಂಗೆ ಬೇಕಾದ್ರೆ ಬರ್ಕೋ ಮಾರಾಯ. ತಟ್ಟೋಕೆ ನಂಗೇನು ದುಡ್ಡು ಖರ್ಚೇ?"

ಹಾಗೆ ಪುಸ್ತಕದ ಅಂಚಿನಲ್ಲಿ ಟೇಪ್ ಸಾಹೇಬ ಕೈಯಿಂದ ಗೆರೆ ಎಳೆದು ಇನ್ನೊಂದು ಕಾಲಂ ಮಾಡಿದ. ಗಟ್ಟಿಯಾದರೆ 'ಗ', ಪೊಳ್ಳಾದರೆ 'ಪೊ'. ಏಳು ಪಟ್ಟಿಗಳ ಒಂದು ಸಾವಿರದ ಆರುನೂರು ಚಿಲ್ಲರೆ ಮರಗಳನ್ನು ಗರ್ರಣ್ಣ ತಟ್ಟಿ ಹೇಳಿದ. ಬರೆದುಕೊಂಡ ಪುಸ್ತಕ ಒಂದೇ, ಅದು ಇರುತ್ತಿದ್ದುದು ಟೇಪ್ ಸಾಹೇಬನ ಚೀಲದಲ್ಲಿ.

ಐದನೇ ವರ್ಷದ ಹಣ ಬರಬೇಕಾದ ತಿಂಗಳು ಹಣದ ಬದಲು ಕಾಗದ ಬಂತು. ಗರ್ರಣ್ಣನ ಹೆಂಡತಿ ಹೊಲಿಗೆ ಯಂತ್ರದ ಮೇಲೆ ಕಾಗದ ಹರಡಿ ಜೋರಾಗಿ ಓದಿದಳು. ಕಳೆದ ನಾಲ್ಕು ವರ್ಷಗಳಲ್ಲಿ ಸದರಿ ಅರಣ್ಯದಲ್ಲಿ ಒಂದೂ ಮರ ಕಡಿದಿರುವುದಿಲ್ಲವಾದ್ದರಿಂದ, ಅದು ನಾಶದ ಅಪಾಯದಲ್ಲಿ ಇಲ್ಲವೆಂದು ಪರಿಶೀಲನೆಯಿಂದ ತಿಳಿದುಬಂದಿದೆ. ಅಪಾಯವಿಲ್ಲದ ಅರಣ್ಯಕ್ಕೆ ಹಣ ನೀಡುವ ಅವಶ್ಯಕತೆ ಕಂಡುಬರುವುದಿಲ್ಲ. ಹದಿನಾಲ್ಕನೇ ಷರತ್ತಿನ ಪ್ರಕಾರ ಒಪ್ಪಂದವನ್ನು ಕೊನೆಗೊಳಿಸಲಾಗಿದೆ.

"ಇನ್ನೊಂದ್ಸಲ ಓದು" ಎಂದ. ಓದಿದಳು.

"ನಾವು ಕಾಯ್ದಿದ್ದಕ್ಕೇ ಕಾಯೋದು ಬೇಡ ಅಂತಾರಾ?"

"ಹಂಗೇ ಇದೆ ಇದ್ರಲ್ಲಿ."

ಟೇಪ್ ಸಾಹೇಬನಿಗೆ ಫೋನು ಮಾಡಿದ. ಮೊದಲ ದಿನ, "ಮೇಲಿನೋರ ಹತ್ರ ಮಾತಾಡ್ತೀನಿ ಅಣ್ಣಾ, ಗಾಬರಿ ಆಗ್ಬೇಡಿ" ಎಂದ. ಎರಡನೇ ವಾರ ಫೋನು ಹೊಡೆದುಕೊಂಡೇ ಇತ್ತು, ಎತ್ತಲಿಲ್ಲ. ಆಮೇಲೆ ಅದೂ ಹೊಡೆದುಕೊಳ್ಳಲಿಲ್ಲ.

ಚಹಾದಂಗಡಿಗೆ ಗರ್ರಣ್ಣ ಹೋದರೆ ಮಾತು ನಿಲ್ಲುತ್ತಿತ್ತು. ಯಾರೂ ನೇರವಾಗಿ ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಹಣ ಬರುತ್ತದೆಂದು ಒಬ್ಬ ಮನೆಯ ಮಾಡು ಬಿಚ್ಚಿಟ್ಟಿದ್ದ, ಇನ್ನೊಬ್ಬಳು ಮಗಳನ್ನು ಪಟ್ಟಣದ ಕಾಲೇಜಿಗೆ ಸೇರಿಸಿದ್ದಳು. ಎಲ್ಲರೂ ಸಹಿ ಹಾಕಿದ್ದು ಅವನ ಮಾತಿಗೆ.

ಮೂರನೇ ತಿಂಗಳು ಭಾವ ತನ್ನ ಪಟ್ಟಿಯ ಮರಗಳನ್ನು ಪಟ್ಟಣದ ಮರದ ವ್ಯಾಪಾರಿಗೆ ಮಾರಿದ. ಮೊದಲನೇ ಮತ್ತು ಎರಡನೇ ಮನೆಯವರೂ ಮಾರಿದರು. ಗರ್ರಣ್ಣನಿಗೆ ಯಾರೂ ಹೇಳಲಿಲ್ಲ. ಲಾರಿಗಳು ಬಂದಾಗಲೇ ಅವನಿಗೆ ಗೊತ್ತಾದದ್ದು. ಹೊರಗಿನಿಂದ ಬಂದ ಆಳುಗಳು ಆರು ದಿನ ಕಡಿದರು. ಆರೂ ದಿನ ಅವನು ಮನೆಯೊಳಗೆ ಎಡಗಿವಿಯನ್ನು ಗುಡ್ಡದ ಕಡೆಗೆ ಮಾಡಿಕೊಂಡು ಕೂತಿದ್ದ.

ಏಳನೇ ದಿನ ಬೆಳಿಗ್ಗೆ ಭಾವನ ಪಟ್ಟಿಗೆ ಹತ್ತಿ ಹೋದ. ಬುಡಗಳು ಕೆಂಪಗೆ, ಒದ್ದೆಯಾಗಿ, ಸಾಲಾಗಿ ಕೂತಿದ್ದವು. ನಡುನಡುವೆ ಕೆಲವು ದೊಡ್ಡ ಮರಗಳು ಹಾಗೇ ನಿಂತಿದ್ದವು. ಕರುಣೆಯಿಂದ ಬಿಟ್ಟಿರಬೇಕು ಎಂದುಕೊಂಡ ಮೊದಲು. ಒಂದರ ಹತ್ತಿರ ಹೋಗಿ ಅಂಗೈ ಇಟ್ಟು ತಟ್ಟಿದ. ಖಾಲಿ. ಇನ್ನೊಂದನ್ನು ತಟ್ಟಿದ. ಅದೂ ಖಾಲಿ. ಹದಿನೇಳು ಮರಗಳು ನಿಂತಿದ್ದವು, ಹದಿನೇಳೂ ಪೊಳ್ಳು. ಕಡಿದ ಬುಡಗಳನ್ನು ಒಂದೊಂದಾಗಿ ನೋಡಿದ. ಒಂದರಲ್ಲೂ ತೂತಿರಲಿಲ್ಲ. ಹೊಸ ಆಳುಗಳು ಆರು ದಿನದಲ್ಲಿ ಒಂದೇ ಒಂದು ತಪ್ಪು ಮಾಡದೆ ಕಡಿಯಬೇಕಾದರೆ ಅವರ ಕೈಯಲ್ಲಿ ಆ ಪುಸ್ತಕ ಇರಲೇಬೇಕು.

ಅಲ್ಲೇ ಒಂದು ಬುಡದ ಮೇಲೆ ಕೂತುಬಿಟ್ಟ. ಆಫೀಸು ಕೈಬಿಟ್ಟಾಗ ಅವನಿಗೆ ಸಿಟ್ಟು ಬಂದಿತ್ತು. ಇದಕ್ಕೆ ಸಿಟ್ಟು ಬರಲಿಲ್ಲ.

ಮರುದಿನ ಬಸ್ಸು ಹತ್ತಿ ಪಟ್ಟಣಕ್ಕೆ ಹೋದ. ವ್ಯಾಪಾರಿಯ ಅಂಗಳದಲ್ಲಿ ದಿಮ್ಮಿಗಳನ್ನು ತೊಗಟೆ ಸುಲಿದು ಒಟ್ಟಿದ್ದರು. ತೂಕದ ಕಟ್ಟೆಯ ಪಕ್ಕ ಗಾಜಿನ ಕೋಣೆ, ಅದರೊಳಗೆ ಫ್ಯಾನಿನ ಕೆಳಗೆ ಟೇಪ್ ಸಾಹೇಬ. ಕುತ್ತಿಗೆಯಲ್ಲಿ ಟೇಪಿರಲಿಲ್ಲ, ಗುರುತಿನ ಚೀಟಿ ನೇತಾಡುತ್ತಿತ್ತು. ಮೇಜಿನ ಮೇಲೆ ಪುಸ್ತಕ ತೆರೆದೇ ಇತ್ತು, ಅಂಚಿನಲ್ಲಿ ಕೈಯಿಂದ ಎಳೆದ ಆ ಗೆರೆಯ ಸಮೇತ. ಗರ್ರಣ್ಣನನ್ನು ಕಂಡವನೇ ಎದ್ದು, ಅಭ್ಯಾಸದಂತೆ ಸುತ್ತಿ ಬಂದು ಬಲಗಡೆ ನಿಂತ.

"ಅಣ್ಣಾ, ನಾನೇ ಬರ್ಬೇಕು ಅಂತಿದ್ದೆ..."

"ಪುಸ್ತಕ ಮಾರಿದ್ಯಾ?"

"ಮಾರ್ಲಿಲ್ಲ ಅಣ್ಣಾ. ಕೆಲ್ಸ ಕೇಳೋಕೆ ಬಂದೆ. ಯೋಜನೆ ನಿಂತ ದಿನಾನೇ ನನ್ನೂ ಮನೆಗೆ ಕಳಿಸಿದ್ರು. ನಿನ್ ಹತ್ರ ಏನಿದೆ ಅಂತ ಇಲ್ಲಿ ಕೇಳಿದ್ರು. ನನ್ ಹತ್ರ ಇದ್ದದ್ದು ಇದೊಂದೇ."

"ಇದು ನಿನ್ದಾ?"

ಅವನು ಕೈಚಾಚಿ ಪುಸ್ತಕ ಮುಚ್ಚಿದ. "ನಿಮ್ ಪಟ್ಟೀನ ವ್ಯಾಪಾರಕ್ಕೆ ಕೇಳ್ಬಾರ್ದು ಅಂತ ಇವ್ರಿಗೆ ಹೇಳಿದೀನಿ. ನಿಮ್ಗೆ ಮಾತ್ರ ತೊಂದ್ರೆ ಆಗ್ಬಾರ್ದು ಅಂತ..." ಎಂದ.

"ನಂಗೆ ಮಾತ್ರ" ಎಂದ ಗರ್ರಣ್ಣ. "ಎಲ್ರನ್ನೂ ಕೇಳಿ ನನ್ನೊಬ್ನನ್ನೇ ಬಿಟ್ರೆ ಜನ ಏನಂದ್ಕೋತಾರೆ ಹೇಳು? ಅವನೂ ಪಾಲುದಾರ ಅಂತಾರೆ. ಅದನ್ನೂ ನೀನೇ ಮಾಡಿಟ್ಟೆ."

"ಅಣ್ಣಾ, ಅವ್ರು ಹೇಗಿದ್ರೂ ಮಾರ್ತಿದ್ರು. ಪುಸ್ತಕ ಇದ್ದಿದ್ರಿಂದ ಪೊಳ್ಳು ಮರಗಳಾದ್ರೂ ಉಳಿದ್ವು."

ಗರ್ರಣ್ಣ ಅವನನ್ನು ದಿಟ್ಟಿಸಿ ನೋಡಿದ. ಹೊಡೆಯಬೇಕು ಅನ್ನಿಸಲಿಲ್ಲ. ಮುಷ್ಟಿ ಕಟ್ಟಲು ಬೆರಳುಗಳೂ ಬಗ್ಗುತ್ತಿರಲಿಲ್ಲ. "ಮನೇಲಿ ಅವಳು ಇವತ್ತಿಗೂ ನಿಂಗೆ ಅಂತ ಬೇರೆ ತಟ್ಟೆ ಇಟ್ಟಿದಾಳೆ ಕಣೋ" ಎಂದು ಹೇಳಿ ಹೊರಗೆ ಬಂದ. ಹಿಂದಿನಿಂದ ಅವನೇನೋ ಕೂಗಿದ. ಗರ್ರಣ್ಣನಿಗೆ ಕೇಳಿಸಲಿಲ್ಲ, ಅಥವಾ ಕೇಳಿಸಲಿಲ್ಲ ಎಂದು ಹೆಂಡತಿಗೆ ಹೇಳಿದ.

ಊರಲ್ಲಿ ಅವನು ಹೆದರಿದ್ದೇ ಆಯಿತು. ವ್ಯಾಪಾರಿ ಅವನ ಪಟ್ಟಿಯನ್ನೊಂದೇ ಕೇಳದೆ ಬಿಟ್ಟಿದ್ದು ಯಾಕೆ ಎಂಬ ಮಾತು ಅಂಗಡಿಯಿಂದ ಅಂಗಡಿಗೆ ಹೋಯಿತು. ಭಾವ ಮನೆಗೇ ಬಂದು ಕೇಳಿದ, "ನಿಂಗೆಷ್ಟು ಕೊಟ್ರು ಹೇಳು, ಸಂಬಂಧಿಕ ಅಲ್ವಾ ನಾನು."

ಗರ್ರಣ್ಣ ಉತ್ತರ ಕೊಡುವ ಮೊದಲೇ ಅವನ ಹೆಂಡತಿ ಹೊಲಿಗೆ ಬಿಟ್ಟು ಎದ್ದಳು. "ಅಣ್ಣಾ, ಮಾರಿದವನು ನೀನು. ಮಾರೋ ಮೊದ್ಲು ಒಂದ್ಮಾತು ಬಂದು ಕೇಳಿದ್ಯಾ? ನಿನ್ ಮರ ಎಣ್ಸೋವಾಗ ಇವರಿಗೆ ಜ್ವರ ಇತ್ತು, ಆದ್ರೂ ಬಂದ್ರು. ಈಗ ಎಷ್ಟು ಕೊಟ್ರು ಅಂತ ಕೇಳ್ತೀಯಾ?" ಎಂದಳು. ಭಾವ ಎದ್ದು ಹೋದ. ಅಲ್ಲಿಂದ ಮುಂದೆ ಎರಡು ಮನೆಗಳ ನಡುವೆ ಮಕ್ಕಳು ಮಾತ್ರ ಓಡಾಡಿದರು.

ನಾಲ್ಕು ಪಟ್ಟಿಗಳು ಇನ್ನೂ ಉಳಿದಿದ್ದವು. ಗರ್ರಣ್ಣ ತನ್ನದು ಬಿಟ್ಟು ಉಳಿದ ಮೂರು ಮನೆಯವರ ಬಾಗಿಲಿಗೆ ಹೋದ. ಈ ಸಲ ಯಾವ ಭರವಸೆಯನ್ನೂ ಕೊಡಲಿಲ್ಲ. "ಮಾರೋದು ಬಿಡೋದು ನಿಮ್ಮಿಷ್ಟ. ಆದ್ರೆ ಬಿಲ್ಲೆ ಕೀಳೋಕೆ ಬಿಡಿ. ಕೊಳ್ಳೋರು ಕುರುಡಾಗಿ ಬಂದು ಕೊಳ್ಳಲಿ" ಎಂದ. ನರ್ಸಮ್ಮ ತಕ್ಷಣ ಒಪ್ಪಿದಳು. ಉಳಿದಿಬ್ಬರು ಮುಖ ಕೊಟ್ಟು ಮಾತಾಡದಿದ್ದರೂ ಬೇಡ ಅನ್ನಲಿಲ್ಲ. ಇಕ್ಕಳ ಹಿಡಿದು ಹನ್ನೊಂದು ದಿನ ಗುಡ್ಡದಲ್ಲಿ ಬಿಲ್ಲೆ ಕಿತ್ತ. ಕೈ ಮರಗಟ್ಟಿದಾಗ ಕಂಕುಳಲ್ಲಿ ಇಟ್ಟುಕೊಂಡು ಕಾದು ಮತ್ತೆ ಹಿಡಿಯುತ್ತಿದ್ದ. ನಂಬರಿಲ್ಲದ ಮರಕ್ಕೂ ಪುಸ್ತಕಕ್ಕೂ ಹೊಂದಿಕೆಯಾಗದೆ ವ್ಯಾಪಾರಿಯ ಕಡೆಯವರು ಬೆಲೆಯನ್ನು ಅರ್ಧಕ್ಕೆ ಇಳಿಸಿದರು. ಆ ಬೆಲೆಗೆ ಆ ಇಬ್ಬರು ಮಾರಲಿಲ್ಲ. ಅದಕ್ಕೂ ಅವರಲ್ಲೊಬ್ಬ ಗರ್ರಣ್ಣನನ್ನೇ ಬೈದ.

ಎರಡು ಮಳೆಗಾಲ ಕಳೆದವು. ಬೋಳಾದ ಮೂರು ಪಟ್ಟಿಗಳ ಮಣ್ಣು ಹೊಳೆಗಿಳಿದು, ಪಟ್ಟಣದ ನಲ್ಲಿಗಳಲ್ಲಿ ಕೆಸರು ಬಂತು. ಆಗ ನೀರಿನ ಕಚೇರಿಗೆ ಗುಡ್ಡ ನೆನಪಾಯಿತು. ಈ ಕಾಡು ಈಗ ನಿಜವಾಗಿ ಅಪಾಯದಲ್ಲಿದೆ ಎಂದು ಹೊಸ ಯೋಜನೆ ಹೊರಟಿತು. ಹೊಸ ಫಾರಂ ಹಿಡಿದು ಒಬ್ಬ ಯುವತಿ ಬಂದಳು. ಚುರುಕು ಹುಡುಗಿ, ಹತ್ತಿದ ದಣಿವು ತೋರಿಸಿಕೊಳ್ಳದೆ ನರ್ಸಮ್ಮನ ಜಗಲಿಯಲ್ಲಿ ಕೂತು ಎಲ್ಲವನ್ನೂ ವಿವರಿಸಿದಳು. ಗರ್ರಣ್ಣ ಪೂರ್ತಿ ಕೇಳಿ ಒಂದೇ ಪ್ರಶ್ನೆ ಕೇಳಿದ.

"ಮರದ ಲೆಕ್ಕ ಬರ್ಕೊಂಡ ಪುಸ್ತಕ ಯಾರ ಹತ್ರ ಇರತ್ತೆ?"

"ಆಫೀಸಲ್ಲಿ ಸರ್."

"ನಮ್ ಹತ್ರ ಇಡ್ಬಹುದಾ?"

"ನಿಯಮ ಇಲ್ಲ ಸರ್. ಕೇಳಿ ನೋಡ್ತೀನಿ."

"ಕೇಳಿ ನೋಡಮ್ಮ. ಚಹಾ ಕುಡ್ಕೊಂಡು ಹೋಗು."

ಅವಳು ಹೋದ ಮೇಲೆ ನರ್ಸಮ್ಮ ರೇಗಿದಳು. "ಆ ಹುಡ್ಗಿ ಒಳ್ಳೇವ್ಳು ಇರ್ಬಹುದು ಕಣೋ. ಮುಖ ನೋಡಿದ್ರೆ ಗೊತ್ತಾಗಲ್ವಾ?"

"ಒಳ್ಳೇವ್ಳೇ ಇರ್ಬಹುದು" ಎಂದ ಗರ್ರಣ್ಣ. "ಅವನೂ ಒಳ್ಳೇವ್ನೇ ಇದ್ದ."

ವಾರದ ನಂತರ ಕಚೇರಿಯಿಂದ ಉತ್ತರ ಬಂತು, ನಿಯಮದಲ್ಲಿ ಅವಕಾಶವಿಲ್ಲ ಎಂದು. ನರ್ಸಮ್ಮ ಸಹಿ ಹಾಕಿದಳು. ಉಳಿದಿಬ್ಬರೂ ಹಾಕಿದರು. ಗರ್ರಣ್ಣ ಹಾಕಲಿಲ್ಲ, ಯಾರಿಗೂ ಹಾಕಬೇಡಿ ಎಂದೂ ಹೇಳಲಿಲ್ಲ. ಗರಗಸ ಮಾರಿದಾಗಿನಿಂದ ಇವತ್ತಿನವರೆಗೆ ತನ್ನ ಪಟ್ಟಿಯಲ್ಲಿ ಒಂದೂ ಮರ ಕಡಿದಿಲ್ಲ.